ಮಣ್ಣಿನ ಓವಲ್ ರೇಸಿಗೆ ಎಷ್ಟು ಕ್ಲಾಸ್ ಇಡಬೇಕು? ನಮ್ಮ ಗದ್ದೆಯ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಬೆಟ್ಟು ಗದ್ದೆಯಲ್ಲಿ ನಾವು ಆರ್‌ಸಿ ಕಾರುಗಳ, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರುಗಳ ರೇಸ್ ನಡೆಸುತ್ತೇವೆ. ಏಣೆಲು, ಅಂದರೆ ಮಳೆಗಾಲದ ಬೆಳೆ, ಕೊಯ್ಲು ಮುಗಿದ ಮೇಲೆ ಆ ಗದ್ದೆಗೆ ಇನ್ನೊಂದು ಬೆಳೆ ಇಲ್ಲ. ಹಾಗಾಗಿ ಮಳೆ ಬರುವವರೆಗೆ ಜಾಗ ನಮ್ಮದು. ಮೊಟ್ಟೆಯಾಕಾರದ ಟ್ರ್ಯಾಕ್, ಜಾರುವ ಮಣ್ಣು, ಕಾರು ತಿರುಗುವುದು ಎಡಕ್ಕೆ ಮಾತ್ರ. ಇದಕ್ಕೆ ಡರ್ಟ್ ಓವಲ್ ಅನ್ನುತ್ತಾರೆ. ಅಮೆರಿಕದ ಸಣ್ಣ ಊರುಗಳಲ್ಲಿ ದೊಡ್ಡ ಕಾರುಗಳು ಮಣ್ಣಿನ ಟ್ರ್ಯಾಕಿನಲ್ಲಿ ಓಡುತ್ತವಲ್ಲ, ಅದನ್ನೇ ರಿಮೋಟ್ ಕಾರಿನಲ್ಲಿ ಆಡುವುದು.

ತಮ್ಮೂರಲ್ಲೂ ಶುರು ಮಾಡಬೇಕು ಅಂತ ಬರುವವರು ಟ್ರ್ಯಾಕಿನ ಅಳತೆ ಕೇಳುತ್ತಾರೆ, ಮಣ್ಣು ಯಾವುದು ಅಂತ ಕೇಳುತ್ತಾರೆ, ಖರ್ಚು ಕೇಳುತ್ತಾರೆ. ಎಷ್ಟು ಕ್ಲಾಸ್ ಇಡಬೇಕು ಅಂತ ಕೇಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಇಡೀ ದಿನ ನೆಟ್ಟಗಾಗುವುದೂ ಕೆಡುವುದೂ ಅದರಿಂದಲೇ. ನಮ್ಮಲ್ಲಿ ಮೂರು. ಯಾಕೆ ಐದಲ್ಲ, ಯಾಕೆ ಎರಡೂ ಅಲ್ಲ ಅಂತ ಹೇಳುತ್ತೇನೆ.

ಕ್ಲಾಸ್ ಅಂದರೆ ಒಂದೇ ತರದ ಕಾರುಗಳ ಗುಂಪು. ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಅಂತ 6 ವಿಭಾಗ. ಆದರೆ ಕಂಬಳ ಬೆಳಿಗ್ಗೆ ಶುರುವಾದರೆ ಮರುದಿನದವರೆಗೂ ನಡೆಯುತ್ತದೆ. ನಮಗೆ ಅಷ್ಟು ಹೊತ್ತು ಎಲ್ಲಿದೆ? ಭಾನುವಾರ ಬೆಳಿಗ್ಗೆ ಯಾರೂ ಸಿಗುವುದಿಲ್ಲ. ಅರ್ಧ ಜನ ಶನಿವಾರ ರಾತ್ರಿಯ ಯಕ್ಷಗಾನವೋ ಕೋಲವೋ ಮುಗಿಸಿ ಮಲಗಿರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಗದ್ದೆಯಲ್ಲಿ ನಿಲ್ಲಲಿಕ್ಕಾಗುವುದಿಲ್ಲ. ಶುರು ಮಾಡುವುದು 3 ಗಂಟೆಗೆ, 6.15ಕ್ಕೆ ಬೆಳಕು ಸಾಲದು. ಲೈಟು ಹಾಕಿ ಓಡಿಸಬಹುದು, ಆದರೆ ಜನರೇಟರ್ ಬಾಡಿಗೆ ಕೊಟ್ಟರೆ ಪ್ರವೇಶ ಶುಲ್ಕದಲ್ಲಿ ಏನೂ ಉಳಿಯುವುದಿಲ್ಲ.

ಅಂದರೆ ಕೈಯಲ್ಲಿರುವುದು 195 ನಿಮಿಷ. ಮಿಕ್ಕ ಲೆಕ್ಕವೆಲ್ಲ ಇದರ ಒಳಗೇ.

ಒಂದು ರೇಸ್ 5 ನಿಮಿಷ. ಮುಗಿದವರು ನಿಂತು ಕಾರು ಓಡಿಸುವ ಅಟ್ಟಣಿಗೆಯಿಂದ ಇಳಿದು, ಮುಂದಿನವರು ಹತ್ತಿ, ಕಾರು ಇಟ್ಟು, ಯಾರದ್ದೋ ರಿಮೋಟ್ ಆನ್ ಆಗದೆ, ಇನ್ಯಾರೋ ಬಾಡಿಯ ಕ್ಲಿಪ್ ಹುಡುಕಿ, ಅಂತೂ ಇನ್ನೈದು ನಿಮಿಷ. ಪುಸ್ತಕದಲ್ಲಿ ಮೂರು ಅಂತ ಬರೆದುಕೊಳ್ಳಬಹುದು, ಆದರೆ ಆಗುವುದು ಐದೇ. ಹಾಗಾಗಿ ಒಂದು ರೇಸಿಗೆ 10 ನಿಮಿಷ. ಮೊದಲು ಪ್ರಾಕ್ಟೀಸಿಗೆ 30 ನಿಮಿಷ, ನಡುವೆ ಟ್ರ್ಯಾಕಿಗೆ ನೀರು ಬಿಡಲು 15 ನಿಮಿಷ. ಉಳಿಯಿತು 150. ಅಂದರೆ 15 ರೇಸ್, ಅದೂ ಎಲ್ಲ ಸರಿಯಾಗಿ ನಡೆದರೆ.

ಒಂದು ಕ್ಲಾಸಿಗೆ ಎರಡು ಹೀಟ್, ಅಂದರೆ ಫೈನಲಿಗೆ ಮೊದಲಿನ ಓಟ, ಮತ್ತೆ ಒಂದು ಫೈನಲ್ ಬೇಕು. ಇದಕ್ಕಿಂತ ಕಡಿಮೆ ಓಡಿಸಿದರೆ ಪುತ್ತೂರಿನಿಂದ ಬಂದವನು ಮುಂದಿನ ಸಲ ಬರುವುದಿಲ್ಲ. ನಮ್ಮ ಅಟ್ಟಣಿಗೆ ಅಡಿಕೆ ಮರದ ಸಲಾಕೆಯದ್ದು. ಅದರ ಮೇಲೆ ಎಂಟು ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬಹುದು, ಒಂಬತ್ತನೆಯವನಿಗೆ ಜಾಗ ಇಲ್ಲ. ಹಿಂದೆ 27 ಮೆಗಾಹರ್ಟ್ಸ್ ರಿಮೋಟಿನ ಕಾಲದಲ್ಲಿ ಒಬ್ಬನ ಕ್ರಿಸ್ಟಲ್, ಅಂದರೆ ರಿಮೋಟಿನ ಚಾನೆಲ್ ಗೊತ್ತು ಮಾಡುವ ಬಿಲ್ಲೆ, ಇನ್ನೊಬ್ಬನದ್ದಕ್ಕೆ ಅಡ್ಡ ಬರುತ್ತಿತ್ತು, ಎಷ್ಟು ಕಾರು ಒಟ್ಟಿಗೆ ಓಡಬಹುದು ಅನ್ನುವುದು ಅದರ ಮೇಲೆ ನಿಂತಿತ್ತು. ಈಗ 2.4 ಗಿಗಾಹರ್ಟ್ಸ್, ಆ ತಲೆನೋವಿಲ್ಲ. ಈಗ ಮಿತಿ ಹಾಕುವುದು ಸಲಾಕೆ.

ಸರಿ, ಒಂದು ಕ್ಲಾಸಿಗೆ 8ಕ್ಕಿಂತ ಹೆಚ್ಚು ಕಾರು ಬಂದರೆ ಎರಡು ಗುಂಪು, ಆಗ ಅದೊಂದಕ್ಕೇ 6 ರೇಸ್. ನಮ್ಮಲ್ಲಿ ಹೊಸಬರ ಕ್ಲಾಸ್ ಯಾವಾಗಲೂ ಎರಡು ಗುಂಪಾಗುತ್ತದೆ. ಮೂರು ಕ್ಲಾಸ್ ಇಟ್ಟರೆ 6, 3, 3, ಒಟ್ಟು 12 ರೇಸ್. ಅರ್ಧ ಗಂಟೆ ಕೈಯಲ್ಲಿ ಉಳಿಯುತ್ತದೆ. ನಾಲ್ಕು ಇಟ್ಟರೆ 15, ಸರಿಯಾಗಿ ಕತ್ತಲಿಗೆ ಮುಗಿಯುತ್ತದೆ. ಐದು ಇಟ್ಟರೆ ಕೊನೆಯ ಮೂರು ಫೈನಲ್ ಕತ್ತಲೆಯಲ್ಲಿ. ರಂಜಾನ್ ತಿಂಗಳಲ್ಲಿ ಉಪ್ಪಳ, ಕುಂಬಳೆ ಕಡೆಯ ಹುಡುಗರು ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬೇಕು, ಆಗ ಆ ಅರ್ಧ ಗಂಟೆಯೂ ಇಲ್ಲ.

ಕ್ಲಾಸ್ ಜಾಸ್ತಿ ಮಾಡಿ ಅನ್ನುವವರು ಸಮಯದ ಲೆಕ್ಕ ಒಪ್ಪುತ್ತಾರೆ. ಮಾರ್ಷಲ್ ಲೆಕ್ಕ ಯಾರೂ ಹಾಕುವುದಿಲ್ಲ. ಕಾರು ಮಗುಚಿದರೆ ಓಡಿ ಹೋಗಿ ನೇರ ಮಾಡಲು ಜನ ಬೇಕಲ್ವಾ? ಓವಲ್‌ಗೆ ಕಡಿಮೆಯೆಂದರೆ ನಾಲ್ವರು ಬೇಕು, ಒಂದೊಂದು ತಿರುವಿಗೆ ಇಬ್ಬರಂತೆ. ರೂಢಿ ಏನೆಂದರೆ ಈಗ ಓಡಿಸಿದವರು ಮುಂದಿನ ರೇಸಿಗೆ ಮಾರ್ಷಲ್. ಒಂದು ಕ್ಲಾಸಿನಲ್ಲಿ ಮೂರೇ ಕಾರು ಇದ್ದರೆ ಮುಂದಿನ ರೇಸಿಗೆ ಮೂರೇ ಮಾರ್ಷಲ್. ಅದರಲ್ಲೊಬ್ಬ ಮುಂದಿನ ರೇಸಿನಲ್ಲೂ ಕಾರು ಇಟ್ಟಿದ್ದರೆ ಇಬ್ಬರು. ಆಗ ಮೈಕ್ ಹಿಡಿದವನು "ಯಾರಾದ್ರೂ ಬನ್ನಿ ಮಾರಾಯ್ರೆ" ಅಂತ ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೂಗಬೇಕು. ಕೂಗಿದರೂ ಬರುವುದು ಸೋಡಾ ಕುಡಿಯುತ್ತಿರುವ ನೋಡುಗರು, ಕಾರನ್ನು ಹಿಂದುಮುಂದು ಇಡುವವರು.

ಅಮೆರಿಕದ ಎಷ್ಟೋ ಟ್ರ್ಯಾಕುಗಳಲ್ಲಿ ಮೂರು ಕಾರು ಬಂದರೆ ಒಂದು ಕ್ಲಾಸ್ ಅನ್ನುವ ರೂಢಿ ಇದೆ. ಅಲ್ಲಿ ಹಳಬರು ತುಂಬ ಇದ್ದಾರೆ, ನಡೆಯಬಹುದು. ನಾವು ಐದು ಅಂತ ಇಟ್ಟುಕೊಂಡಿದ್ದೇವೆ. ಐವರಿದ್ದರೆ ಒಬ್ಬ ಬೇರೆ ಕ್ಲಾಸಿಗೆ ಹೋದರೂ ನಾಲ್ವರು ಮಾರ್ಷಲ್ ಸಿಗುತ್ತಾರೆ.

ಲ್ಯಾಪ್ ಎಣಿಸುವುದೂ ಕೈಲೆಕ್ಕವೇ. ಕಾರಿಗೆ ತನ್ನ ಗುರುತಿನ ಸಿಗ್ನಲ್ ಕಳಿಸುವ ಟ್ರಾನ್ಸ್‌ಪಾಂಡರ್ ಹಾಕಿ, ಟ್ರ್ಯಾಕಿನಡಿಯಲ್ಲಿ ತಂತಿ ಹೂತು, ಕಂಪ್ಯೂಟರಿನಲ್ಲಿ ಎಣಿಸುವ ವ್ಯವಸ್ಥೆ ಇದೆ, ನಮ್ಮ ಬೊಕ್ಕಸಕ್ಕೆ ದೂರ. ಒಂದು ಸುತ್ತಿಗೆ ಆರು ಸೆಕೆಂಡಿನ ಆಸುಪಾಸು, 5 ನಿಮಿಷಕ್ಕೆ ಸುಮಾರು 50 ಸುತ್ತು. ಒಬ್ಬ ಎರಡು ಕಾರಿಗಿಂತ ಹೆಚ್ಚು ನೋಡಲಾರ. ನಾಲ್ವರು ಕುಳಿತು ನೋಟ್‌ಬುಕ್ಕಿನಲ್ಲಿ ಐದೈದರ ಗೀಟು ಹಾಕುತ್ತಾರೆ, ನಾಲ್ಕು ನಿಂತ ಗೀಟು, ಮೇಲೊಂದು ಅಡ್ಡ. ಜಗಳ ಬಂದರೆ ನೋಡಲು ಮೊಬೈಲಿನಲ್ಲಿ ವಿಡಿಯೋ. ಹತ್ತು ಹನ್ನೆರಡು ರೇಸ್ ಆಗುವಾಗ ಅವರ ಕಣ್ಣು ಸೋಲುತ್ತದೆ. ಹನ್ನೆರಡರ ಮೇಲೆ ನಮ್ಮಲ್ಲಿ ಗೀಟಿಗೆ ನಂಬಿಕೆ ಇಲ್ಲ.

ಹಾಗಾದರೆ ಎರಡೇ ಇಟ್ಟರೆ ಆರಾಮ ಅಲ್ವಾ ಅನ್ನಬಹುದು. ಇಲ್ಲ. ಬ್ಯಾಟರಿ ಬಿಡುವುದಿಲ್ಲ. 5000 ಎಂಎಎಚ್‌ನ ಎರಡು ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು 5 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಖಾಲಿಯಿಂದ ತುಂಬಲು ಹತ್ತಿರ ಹತ್ತಿರ ಒಂದು ಗಂಟೆ. 5 ನಿಮಿಷದ ರೇಸಿಗೆ ಪೂರ್ತಿ ಖಾಲಿ ಆಗುವುದಿಲ್ಲ, ಹಾಗಾಗಿ 40 ನಿಮಿಷ ಸಿಕ್ಕಿದರೆ ಸಾಕು. ಮೂರು ಕ್ಲಾಸಿನ ಒಂದು ಸುತ್ತಿನಲ್ಲಿ ನಾಲ್ಕು ರೇಸ್, ಸರಿಯಾಗಿ 40 ನಿಮಿಷಕ್ಕೆ ಮತ್ತೆ ಸರದಿ ಬರುತ್ತದೆ. ಎರಡು ಕ್ಲಾಸ್ ಆದರೆ 30 ನಿಮಿಷ. ಮೋಟಾರ್ ಇನ್ನೂ ಬಿಸಿ, ಬ್ಯಾಟರಿ ಅರ್ಧ. ಎರಡು ಬ್ಯಾಟರಿ ಇರುವವನೇ ಗೆಲ್ಲುತ್ತಾನೆ. ಕಾಲೇಜು ಹುಡುಗರ ಹತ್ತಿರ ಇರುವುದು ಒಂದೇ.

ಸಂಖ್ಯೆ ಮೂರು ಅಂತ ಆಯಿತು. ಯಾವ ಮೂರು ಅನ್ನುವುದು ನಿಜವಾದ ತಲೆಬಿಸಿ.

ಜನರ ಹತ್ತಿರ ಯಾವ ಯಾವ ಕಾರು ಇದೆ ಅಂತ ಪಟ್ಟಿ ಮಾಡಿದೆವು. ಅದನ್ನು ನೋಡಿ ಕ್ಲಾಸ್ ಮಾಡುತ್ತಾ ಹೋದರೆ ಒಬ್ಬೊಬ್ಬನಿಗೆ ಒಂದೊಂದು ಕ್ಲಾಸ್ ಆಗುತ್ತಿತ್ತು. ಪಟ್ಟಿಯ ತಲೆಯಲ್ಲಿದ್ದದ್ದು ಡಬ್ಲ್ಯುಎಲ್‌ಟಾಯ್ಸ್ 144001. 1:14 ಅಳತೆ, ಅಂದರೆ ನಿಜವಾದ ಗಾಡಿಯ ಹದಿನಾಲ್ಕರಲ್ಲಿ ಒಂದು ಪಾಲು. ಮೋಟಾರಿನ ಶಕ್ತಿ ನಾಲ್ಕು ಚಕ್ರಕ್ಕೂ, ಮೋಟಾರ್ 550 ಅನ್ನುವ ಸೈಜಿನ ಬ್ರಶ್ ಮೋಟಾರ್, ಹಳೆಯ ತರದ್ದು. ಡಬ್ಬಿಯಿಂದ ತೆಗೆದು ಓಡಿಸಬಹುದು. ಅದು ನಮ್ಮ ಮೊದಲ ಕ್ಲಾಸ್, ಹೊಸಬರದ್ದು, ಎಲ್ಲರ ಬಾಯಲ್ಲಿ ಡಬ್ಬಿ ಕ್ಲಾಸ್. ಟಯರ್ ಬಿಟ್ಟು ಬೇರೇನೂ ಬದಲಿಸುವಂತಿಲ್ಲ. ಎರಡನೆಯದು 1:10ರ ಎರಡು ಚಕ್ರದ ಟ್ರಕ್, ಅಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಮೋಟಾರಿನ ಶಕ್ತಿ ಹೋಗುವಂಥದ್ದು, ಬ್ರಶ್ ಮೋಟಾರಿನದ್ದು. ಟ್ರಾಕ್ಸಾಸ್ 2008ರಲ್ಲಿ ಸ್ಲ್ಯಾಶ್ ಅಂತ ಬಿಟ್ಟಿತಲ್ಲ, ಆ ಜಾತಿ. ಅಮೆರಿಕದಲ್ಲೂ ಓವಲ್ ಕಲಿಯುವವರು ಎಷ್ಟೋ ಜನ ಅದರಲ್ಲೇ ಶುರು ಮಾಡುತ್ತಾರೆ. ಮೂರನೆಯದು 1:10ರ ಎರಡು ಚಕ್ರದ್ದೇ, ಆದರೆ 17.5 ಬ್ರಶ್‌ಲೆಸ್ ಮೋಟಾರ್, ಬ್ರಶ್ ಇಲ್ಲದ ಹೊಸ ತರದ್ದು. 17.5 ಅಂದರೆ ಒಳಗೆ ತಂತಿ ಎಷ್ಟು ಸುತ್ತು ಅನ್ನುವ ಲೆಕ್ಕ, ಸುತ್ತು ಕಡಿಮೆಯಾದಷ್ಟು ವೇಗ ಜಾಸ್ತಿ. 13.5 ಅದಕ್ಕಿಂತ ಜೋರು, ನಮ್ಮ ಟ್ರ್ಯಾಕಿಗೆ ಬೇಡ. ಈ ಕ್ಲಾಸಿನಲ್ಲಿ ಎಡಗಡೆಗೆ ಭಾರ ಸರಿಸುವುದು, ಎಡಬಲಕ್ಕೆ ಬೇರೆ ಬೇರೆ ಟಯರ್ ಹಾಕುವುದು, ಓವಲ್‌ನ ಎಲ್ಲ ಕಸರತ್ತಿಗೂ ಅವಕಾಶ ಇದೆ.

17.5ನ್ನೇ ಆರಿಸಲು ಇನ್ನೊಂದು ಕಾರಣ, ಪರೀಕ್ಷೆ ಸುಲಭ. ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆಗೆ ಇಎಸ್‌ಸಿ ಅನ್ನುತ್ತಾರೆ. ಅದರ ಪುಟ್ಟ ಲೈಟು ಮಿಣುಕುತ್ತಿದ್ದರೆ ವೇಗ ಹೆಚ್ಚಿಸಲು ಒಳಗೆ ಟೈಮಿಂಗ್ ಏರಿಸಿಲ್ಲ ಅಂತ ಅರ್ಥ. ರೇಸಿಗೆ ಮೊದಲು ಬಗ್ಗಿ ನೋಡಿದರೆ ಆಯಿತು. ಕಣ್ಣಿಗೆ ಕಂಡು ಪರೀಕ್ಷಿಸಲಾಗದ ನಿಯಮ ಇಟ್ಟು ಕ್ಲಾಸ್ ಮಾಡಿದರೆ ಪ್ರತಿ ಫೈನಲ್ ಆದ ಮೇಲೂ ಪಂಚಾಯಿತಿ.

ಹೊರಗುಳಿದದ್ದು 1:8 ಬಗ್ಗಿಗಳು, ಅಂದರೆ ಒರಟು ನೆಲದಲ್ಲಿ ಓಡುವ ದೊಡ್ಡ ಅಳತೆಯ ಕಾರುಗಳು. ವಿಟ್ಲದ ಕಡೆಯ ಒಬ್ಬರಿಗೆ ಅದರಿಂದ ಬೇಜಾರು.

"ಎಂತ ಮಾರಾಯ್ರೆ, ಅಷ್ಟು ದುಡ್ಡು ಹಾಕಿದ ಗಾಡಿಗೇ ಜಾಗ ಇಲ್ವಾ?"

"ಗಾಡಿ ಒಳ್ಳೆಯದೇ ಅಣ್ಣ. ತೂಕ ಎಷ್ಟುಂಟು?"

"ಮೂರು ಕಿಲೋ ಮೇಲೆ."

"ಅದು ಮೊಣಕಾಲಿಗೆ ಬಡಿದರೆ ಮಾರ್ಷಲ್ ನಿಲ್ತಾನಾ?"

ಅವರು ನಕ್ಕರು, ಒಪ್ಪಲಿಲ್ಲ. ನನ್ನ ಮಾತು ಈಗಲೂ ಅದೇ. ಡಬ್ಬಿ ಕ್ಲಾಸಿನ ಕಾರು ಒಂದು ಕಿಲೋ ಆಸುಪಾಸು. ಅದರ ಮೇಲೆ ಬಗ್ಗಿ ಹೋದರೆ ಹುಡುಗ ಅಳುತ್ತಾ ಮನೆಗೆ ಹೋಗುತ್ತಾನೆ. ಬಗ್ಗಿಗೇ ಬೇರೆ ಕ್ಲಾಸ್ ಮಾಡಲು ಐದು ಬಗ್ಗಿ ಇಲ್ಲ. ಮತ್ತೆ ಮಣ್ಣಿನ ವಿಷಯವೂ ಇದೆ. ನಾವು ತಿರುವುಗಳಿಗೆ ಜೇಡಿಮಣ್ಣು ಹಾಕಿ, ನೀರು ಚಿಮುಕಿಸಿ, ಅಂಗಳ ಮಾಡುವ ಹಾಗೆ ಪೆಟ್ಟುಮಣೆಯಲ್ಲಿ ಬಡಿಯುತ್ತೇವೆ. ಬಡಿದ ಕಡೆ ಮಣ್ಣು ಕಪ್ಪಗೆ ಮಿಂಚುತ್ತದೆ, ಟಯರ್ ಅಲ್ಲಿ ಕಚ್ಚುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಈ ಭಾರದ ಬಗ್ಗಿ ಪ್ರಾಕ್ಟೀಸಿನಲ್ಲಿ ಸ್ವಲ್ಪ ಓಡಿದರೂ ಆ ಮಿಂಚು ಎದ್ದು ಹಕ್ಕಳೆ ಹಕ್ಕಳೆಯಾಗಿ ಬರುತ್ತದೆ, ಅಡಿಯ ಮುರಕಲ್ಲಿನ ಚೂರು ಕಾಣುತ್ತದೆ. ಹಿಂದಿನಿಂದ ಬರುವ ಕ್ಲಾಸಿಗೆ ಟ್ರ್ಯಾಕೇ ಇರುವುದಿಲ್ಲ. ಇದೇ ಕಾರಣಕ್ಕೆ ಓಟದ ಸರದಿಯೂ ಹಗುರದಿಂದ ಜೋರಿಗೆ. ಡಬ್ಬಿ ಮೊದಲು, 17.5 ಕೊನೆಗೆ.

ಪೆಟ್ರೋಲ್ ಅಂತ ಜನ ಹೇಳುವ ನೈಟ್ರೋ ಕಾರಿಗೆ ಅವಕಾಶವೇ ಇಲ್ಲ. ಹೊಗೆ, ಸದ್ದು, ಪಕ್ಕದಲ್ಲೇ ಮನೆಗಳು.

ಮಕ್ಕಳಿಗೆ ಬೇರೆ ಕ್ಲಾಸ್ ಬೇಕು ಅಂತ ತಂದೆ ತಾಯಂದಿರು ಕೇಳಿದ್ದುಂಟು. ವಯಸ್ಸು ನೋಡಿ ಕ್ಲಾಸ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹನ್ನೆರಡರ ಹುಡುಗಿ ನಲವತ್ತರ ಮಾವನನ್ನು ಸುತ್ತು ಹಾಕಿ ಬರುವುದನ್ನು ನಮ್ಮ ಗದ್ದೆಯಲ್ಲೇ ನೋಡಬಹುದು. ಅದರ ಬದಲು ಡಬ್ಬಿ ಕ್ಲಾಸಿಗೆ ಒಂದು ನಿಯಮ ಹಾಕಿದ್ದೇವೆ. ಒಂದು ಸೀಸನ್‌ನಲ್ಲಿ ಎರಡು ಸಲ ಫೈನಲ್ ಗೆದ್ದವರು ಮೇಲಿನ ಕ್ಲಾಸಿಗೆ ಹೋಗಬೇಕು. ಇದಿಲ್ಲದಿದ್ದರೆ ಕೈಪಳಗಿದವನು ಸುಮ್ನೆ ಅಲ್ಲೇ ಕೂತು ಕಪ್ ಗುಡ್ಡೆ ಹಾಕುತ್ತಾನೆ, ಹೊಸಬರು ಬಿಟ್ಟು ಹೋಗುತ್ತಾರೆ. ಆ ಕ್ಲಾಸ್ ಬಡವಾದರೆ ಮೇಲಿನ ಎರಡಕ್ಕೂ ಜನ ಬರುವುದಿಲ್ಲ.

ಕಪ್ಪಿನ ಮಾತು ಬಂತು. ಪ್ರತಿ ಕ್ಲಾಸಿಗೆ ಮೂರು ಕಪ್. ಮೂರೇ ಜನ ಓಡಿಸಿ ಮೂವರಿಗೂ ಕಪ್ ಕೊಡುವ ಸಮಾರಂಭ ಇನ್ನೊಂದು ಕಡೆ ನೋಡಿದ್ದೇನೆ. ಅರ್ಧದಲ್ಲೇ ಕಾರು ನಿಂತವನಿಗೂ ಮೂರನೇ ಬಹುಮಾನ! ಅವನೇ ಮುಜುಗರದಿಂದ ತೆಗೆದುಕೊಂಡ.

ಐದು ಕಾರು ಬಾರದ ದಿನಗಳೂ ಇರುತ್ತವೆ. ಆಗ ಕ್ಲಾಸ್ ರದ್ದು ಮಾಡಿ ಬಂದವನನ್ನು ವಾಪಸ್ ಕಳಿಸುವುದಿಲ್ಲ. ಬ್ರಶ್ ಟ್ರಕ್ಕನ್ನೂ 17.5ನ್ನೂ ಒಟ್ಟಿಗೆ ಓಡಿಸಿ, ಅಂಕ ಬೇರೆ ಬೇರೆ ಬರೆಯುತ್ತೇವೆ. ಎರಡರ ಸುತ್ತಿನ ಸಮಯದಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸ, ಸಹಿಸಬಹುದು. 17.5ನವರನ್ನು ಮುಂದೆ ನಿಲ್ಲಿಸಿ, ಐದು ಸೆಕೆಂಡ್ ಬಿಟ್ಟು ಟ್ರಕ್ಕುಗಳನ್ನು ಬಿಡಬೇಕು, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ರಾಶಿ ಬೀಳುತ್ತವೆ. ಟ್ರಕ್ಕಿನ ಬಾಡಿಗೆ ಕೆಂಪು ಟೇಪು ಅಂಟಿಸಿದರೆ ಗೀಟು ಹಾಕುವವರಿಗೆ ಗೊಂದಲವಿಲ್ಲ. ಡಬ್ಬಿ ಕ್ಲಾಸನ್ನು ಮಾತ್ರ ಯಾವುದರ ಜೊತೆಗೂ ಸೇರಿಸುವುದಿಲ್ಲ. ಒಂದು ಕ್ಲಾಸ್ ಸತತ ಎರಡು ರೇಸ್ ದಿನ ಐದು ಮುಟ್ಟದಿದ್ದರೆ ಆ ಸೀಸನ್ ಪೂರ್ತಿ ಹೀಗೆ ಜೋಡಿಯಲ್ಲೇ ಓಡುತ್ತದೆ.

ಈಗ ಕಾಸರಗೋಡಿನ ನಾಲ್ವರು ಮೇಲೆ ದೊಡ್ಡ ರೆಕ್ಕೆ ಇರುವ ಸ್ಪ್ರಿಂಟ್ ಕಾರು ಕಟ್ಟುತ್ತಿದ್ದಾರೆ, ನಾಲ್ಕನೇ ಕ್ಲಾಸ್ ಬೇಕಂತೆ. ನೋಡಲು ಚೆಂದವೇ. ಜನ ನಿಂತು ನೋಡುತ್ತಾರೆ, ಅದು ಗೊತ್ತು. ಆದರೆ 15 ರೇಸಿಗೆ ಬಿಡುವು ಬೇಕಾದರೆ ಎರಡೂವರೆಗೇ ಶುರು ಮಾಡಬೇಕು. ಗದ್ದೆಯ ಯಜಮಾನರು, ನಮಗೆಲ್ಲ ಮಾವ, "ಆ ಬಿಸಿಲಿಗೆ ಮಣ್ಣು ನಿಲ್ಲುದಿಲ್ಲ, ಇನ್ನೊಂದು ಸಲ ನೀರು ಬಿಡಬೇಕಾದೀತು" ಅಂದರು. ಗಳಿಸಿದ ಅರ್ಧ ಗಂಟೆಯಲ್ಲಿ 15 ನಿಮಿಷ ಅಲ್ಲೇ ಹೋಯಿತು. ಸ್ಪ್ರಿಂಟಿನವರಿಗೆ 17.5 ಮೋಟಾರನ್ನೇ ಹಾಕಿ ಅಂತ ಹೇಳಿದ್ದೇನೆ. ಸದ್ಯಕ್ಕೆ ಮೂರನೇ ಕ್ಲಾಸಿನ ಜೊತೆ ಓಡಲಿ, ಅಂಕ ಬೇರೆ ಬರೆಯೋಣ. ಐದನೆಯವನು ಕಾರು ಹಿಡಿದುಕೊಂಡು ಬಂದರೆ ಮತ್ತೆ ಲೆಕ್ಕ ಹಾಕುವುದು.