ಪಾರ್ಟಿಶನ್ ಟೈಪ್‌ಗೆ ಒಂದು ಈನಮ್ ಸಾಲದು

ಡಿಸ್ಕ್ ಪಾರ್ಟಿಶನ್ ಸಾಫ್ಟ್‌ವೇರ್ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಪಾರ್ಟಿಶನ್ ಟೈಪ್‌ಗೆ, ಅಂದರೆ ಡಿಸ್ಕಿನ ಒಂದೊಂದು ಭಾಗದಲ್ಲಿ ಏನಿದೆ ಅನ್ನುವ ಗುರುತಿಗೆ, ಒಂದು ಈನಮ್ (ಮೊದಲೇ ನಿಗದಿ ಮಾಡಿದ ಹೆಸರುಗಳ ಪಟ್ಟಿ) ಬರೆಯುತ್ತಾರೆ. ಎನ್‌ಟಿಎಫ್‌ಎಸ್, ಫ್ಯಾಟ್32, ಎಕ್ಸ್‌ಟಿ4, ಸ್ವಾಪ್, ಕೊನೆಗೆ 'ಗೊತ್ತಿಲ್ಲ'. ದಯವಿಟ್ಟು ಹಾಗೆ ಮಾಡಬೇಡಿ. ಆ 'ಗೊತ್ತಿಲ್ಲ' ಇದೆಯಲ್ಲ, ಮುಂದೆ ಕೈ ಕೊಡುವುದು ಅದೇ.

ಚಿಕ್ಕಮಗಳೂರಿನ ನನ್ನ ರಿಪೇರಿ ಅಂಗಡಿಗೆ ಜಾಸ್ತಿ ಬರುವುದು ಆಲ್ದೂರು, ಮೂಡಿಗೆರೆ ಕಡೆಯ ತೋಟದವರ ಡಿಸ್ಕ್‌ಗಳು. ಲೆಕ್ಕದ ಹಳೇ ಕಂಪ್ಯೂಟರ್‌ನದು, ಕಣ ಕಾಯುವ ಕ್ಯಾಮೆರಾದ ಡಿವಿಆರ್‌ನದು, ಹೀಗೆ. ಡಿವಿಆರ್ ಡಿಸ್ಕಿನ ಟೈಪ್ ಕೋಡ್ ಕೆಲವು ಸಲ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಈ ಕೆಲಸಕ್ಕೆ ಅಂತಲೇ ಒಂದು ಸಣ್ಣ ಟೂಲ್ ಬರೆದುಕೊಂಡಿದ್ದೇನೆ. ಅದರ ಒಳಗಿನ ರಚನೆ ಹೀಗಿದೆ.

ಮೊದಲನೆಯದು, ಡಿಸ್ಕಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳಿ. ಎಂಬಿಆರ್ ಅಂದರೆ ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿರುವ ಹಳೇ ಬಗೆಯ ಪಾರ್ಟಿಶನ್ ಪಟ್ಟಿ, ಜಿಪಿಟಿ ಅಂದರೆ ಹೊಸ ಬಗೆಯದು. ಎಂಬಿಆರ್‌ನಲ್ಲಿ (ಸೊನ್ನೆಯಿಂದ ಎಣಿಸಿದರೆ) 446ನೇ ಬೈಟಿನಿಂದ 16 ಬೈಟಿನ ನಾಲ್ಕು ಎಂಟ್ರಿಗಳಿರುತ್ತವೆ. ಟೈಪ್ ಒಂದೇ ಬೈಟ್. ಮೊದಲ ಎಂಟ್ರಿಯದ್ದು 450ರಲ್ಲಿ ಸಿಗುತ್ತದೆ. ಜಿಪಿಟಿಯಲ್ಲಿ ಟೈಪ್ ಅಂದರೆ ಗುಯಿಡ್ ಅನ್ನುವ 16 ಬೈಟಿನ ಗುರುತಿನ ಸಂಖ್ಯೆ. ಹಾಗಾಗಿ ಎರಡು ಕವಲಿನ ಒಂದು ಟ್ಯಾಗ್ಡ್ ಯೂನಿಯನ್ (ಎರಡರಲ್ಲಿ ಯಾವುದು ಇದೆ ಅನ್ನುವ ಗುರುತಿನ ಜೊತೆ ಒಂದನ್ನು ಇಟ್ಟುಕೊಳ್ಳುವ ರಚನೆ) ಸಾಕು: ಒಂದರಲ್ಲಿ 1 ಬೈಟ್, ಇನ್ನೊಂದರಲ್ಲಿ 16 ಬೈಟ್. ಹೆಸರು ಅದರೊಳಗೆ ಬೇಡ.

ಯಾಕೆ ಇಷ್ಟು ಹಟ? ಎಂಬಿಆರ್‌ನಲ್ಲಿ ಒಂದು ಪಾರ್ಟಿಶನ್ ಬದಲಿಸಿದರೂ ಬರೆಯುವುದು ಇಡೀ 512 ಬೈಟಿನ ಸೆಕ್ಟರ್. ಗುರುತು ಸಿಗದ ಕೋಡನ್ನು ಓದುವಾಗಲೇ 'ಗೊತ್ತಿಲ್ಲ' ಮಾಡಿಬಿಟ್ಟರೆ ವಾಪಸ್ ಏನು ಬರೆಯುತ್ತೀರಿ? ಸೊನ್ನೆಯಾ? ಎಂಬಿಆರ್‌ನಲ್ಲಿ 00 ಅಂದರೆ ಖಾಲಿ ಜಾಗ. ಪಕ್ಕದ ಪಾರ್ಟಿಶನ್‌ನ ಸೈಜ್ ಬದಲಿಸಲು ಹೋಗಿ ಆ ಗುರುತು ಸಿಗದ ಪಾರ್ಟಿಶನ್ ಮಾಯ.

ಎರಡನೆಯದು, ಹೆಸರುಗಳಿಗೆ ಬೇರೆ ಟೇಬಲ್. ಒಂದೊಂದು ಸಾಲಿನಲ್ಲೂ ಕೋಡ್, ತೋರಿಸುವ ಹೆಸರು, ಪಾತ್ರ, ಒಳಗಿರಬಹುದಾದ ಫೈಲ್‌ಸಿಸ್ಟಮ್‌ಗಳ (ಫೈಲ್‌ಗಳನ್ನು ಜೋಡಿಸಿಡುವ ವಿಧಾನಗಳ) ಪಟ್ಟಿ. ಪಟ್ಟಿ ಅಂದೆ, ಒಂದೇ ಹೆಸರಲ್ಲ. ಹೆಕ್ಸ್ 07 ಎನ್‌ಟಿಎಫ್‌ಎಸ್ ಇರಬಹುದು, ಎಕ್ಸ್‌ಫ್ಯಾಟ್ ಇರಬಹುದು, ಹಳೇ ಓಎಸ್/2ನ ಎಚ್‌ಪಿಎಫ್‌ಎಸ್ ಕೂಡ ಇರಬಹುದು. 82 ಅಂದರೆ ಲಿನಕ್ಸ್ ಸ್ವಾಪ್, ಆದರೆ ಸೋಲಾರಿಸ್ ಕೂಡ ಅದೇ ನಂಬರ್ ಬಳಸಿದೆ. ಕಾಫಿ ಚೀಲದ ಮೇಲೆ ಅರೇಬಿಕಾ ಪಾರ್ಚ್‌ಮೆಂಟ್ ಅಂತ ಬರೆದಿದ್ದರೂ ವ್ಯಾಪಾರಿ ಬಿಚ್ಚಿ ನೋಡದೆ ರೇಟು ಹೇಳುತ್ತಾನಾ? ಒಳಗೆ ನಿಜಕ್ಕೂ ಏನಿದೆ ಅನ್ನುವುದು ಫೈಲ್‌ಸಿಸ್ಟಮ್‌ನ ಸಹಿ, ಅಂದರೆ ಅದು ಪಾರ್ಟಿಶನ್ ಒಳಗೆ ಬರೆದಿಡುವ ಗುರುತಿನ ಬೈಟ್‌ಗಳನ್ನು, ಓದಿದ ಮೇಲೇ ಗೊತ್ತಾಗುವುದು. ಅದಕ್ಕೆ ಬೇರೆಯೇ ಫೀಲ್ಡ್ ಇಡಿ. ಟೈಪ್ ಒಂದು ಹೇಳಿ ಸಹಿ ಇನ್ನೊಂದು ಹೇಳಿದರೆ ಎರಡನ್ನೂ ತೋರಿಸಿ, ನೀವೇ ತೀರ್ಪು ಕೊಡಬೇಡಿ.

ಪಾತ್ರ ಅನ್ನುವ ಕಾಲಂ ನನಗೆ ತುಂಬಾ ಇಷ್ಟ. ಡೇಟಾ, ಸ್ವಾಪ್, ಬೂಟ್, ಕಂಟೇನರ್, ಕಾವಲು, ಇಷ್ಟೇ. 05 ಮತ್ತು 0ಎಫ್ ಎರಡೂ ಎಕ್ಸ್‌ಟೆಂಡೆಡ್ ಪಾರ್ಟಿಶನ್ (ಒಳಗೆ ಬೇರೆ ಪಾರ್ಟಿಶನ್‌ಗಳನ್ನು ಇಟ್ಟುಕೊಳ್ಳುವಂಥದ್ದು), ಲಿನಕ್ಸ್‌ನ 85 ಕೂಡ. ಕೋಡ್ ತುಂಬಾ '05 ಆದರೆ, 0ಎಫ್ ಆದರೆ' ಅಂತ ಇಫ್ ಹಾಕುವ ಬದಲು 'ಕಂಟೇನರಾ?' ಅಂತ ಒಂದೇ ಪ್ರಶ್ನೆ ಕೇಳಿ. ಇಇ ಬಂದರೆ ಕಾವಲು: ಇದು ಜಿಪಿಟಿ ಡಿಸ್ಕ್, ಎಂಬಿಆರ್ ಟೂಲ್‌ಗಳು ಮುಟ್ಟಬಾರದು ಅಂತ ಅರ್ಥ.

ಇನ್ನು ಗುಯಿಡ್. ಇದರ ಬೈಟ್ ಸಾಲು ಸ್ವಲ್ಪ ಎಡವಟ್ಟು. ಮೊದಲ ಮೂರು ಭಾಗ ಡಿಸ್ಕಿನಲ್ಲಿ ತಲೆಕೆಳಗಾಗಿ ಕೂತಿರುತ್ತವೆ, ಉಳಿದ ಎರಡು ನೇರವಾಗಿ. ಪರೀಕ್ಷೆಗೆ ಬಯೋಸ್ ಬೂಟ್ ಪಾರ್ಟಿಶನ್‌ನ ಗುಯಿಡ್ ಬಳಸಿ. ಬರೆಯುವಾಗ ಅದು 21686148-6449 ಅಂತ ಶುರುವಾಗುತ್ತದೆ. ಡಿಸ್ಕಿನಲ್ಲಿ 48 61 68 21, ಆಮೇಲೆ 49 64. ಹದಿನಾರೂ ಬೈಟನ್ನು ಆಸ್ಕಿಯಲ್ಲಿ ಓದಿದರೆ 'ಹ್ಯಾ! ಐ ಡೋಂಟ್ ನೀಡ್ ಇಎಫ್‌ಐ' ಅನ್ನುವ ಇಂಗ್ಲಿಷ್ ಸಾಲು ಬರುತ್ತದೆ (ಇಎಫ್‌ಐ ಅಂದರೆ ಬಯೋಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ). ಯಾರೋ ತಮಾಷೆಗೆ ಇಟ್ಟಿದ್ದು, ನಮಗೆ ಒಳ್ಳೇ ಟೆಸ್ಟ್ ಕೇಸ್ ಆಯ್ತು ಅಲ್ವಾ.

ಜಿಪಿಟಿ ಎಂಟ್ರಿಯಲ್ಲಿ ಬಳಕೆದಾರ ಇಡುವ ಹೆಸರೂ ಇರುತ್ತದೆ, 72 ಬೈಟ್, ಅಂದರೆ ಯುಟಿಎಫ್-16 ಅನ್ನುವ ಅಕ್ಷರ ಸಂಕೇತದ 36 ಯೂನಿಟ್. ಟೈಪ್‌ನ ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ, ಸೇರಿಸಬೇಡಿ. ಕನ್ನಡದಲ್ಲಿ ಹೆಸರಿಟ್ಟರೆ ಜಾಗ ಬೇಗ ಮುಗಿಯುತ್ತದೆ. 'ಲೆಕ್ಕ' ಕಣ್ಣಿಗೆ ಎರಡಕ್ಷರ, ಒಳಗೆ 5 ಯೂನಿಟ್. ಉದ್ದ ಜಾಸ್ತಿಯಾದರೆ ಒತ್ತಕ್ಷರದ ನಡುವೆ ಕತ್ತರಿಸದ ಹಾಗೆ ನೋಡಿಕೊಳ್ಳಿ.

ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವ ಫಂಕ್ಷನ್ 'ಇಲ್ಲ' ಅನ್ನುವ ಉತ್ತರವನ್ನೂ ಕೊಡುವಂತಿರಲಿ. ಲಿನಕ್ಸ್‌ನ 83ಕ್ಕೆ ಜಿಪಿಟಿಯಲ್ಲಿ ಜೋಡಿ ಗುಯಿಡ್ ಇದೆ. ಡಿವಿಆರ್‌ನ ಆ ಅನಾಮಿಕ ಕೋಡ್‌ಗೆ ಎಲ್ಲಿಂದ ತರುತ್ತೀರಿ? ಆಗ ಬಳಕೆದಾರನನ್ನೇ ಕೇಳಿ.

ಟೆಸ್ಟ್ ಮಾಡುವುದು ಇಮೇಜ್ ಫೈಲ್ ಮೇಲೆ, ಗಿರಾಕಿಯ ಡಿಸ್ಕ್ ಮೇಲೆ ಅಲ್ಲ. ಎಂಬಿಆರ್ ಇಮೇಜಿನ ಮೊದಲ ಎಂಟ್ರಿಯಲ್ಲಿ 00 ಬಿಟ್ಟು ಉಳಿದ 255 ಕೋಡ್‌ಗಳನ್ನೂ ಒಂದೊಂದಾಗಿ ಹಾಕಿ, ಓದಿಸಿ, ಏನೂ ಬದಲಿಸದೆ ಬರೆಸಿ, ಹಳೇ ಹೊಸ ಸೆಕ್ಟರ್ ಹೋಲಿಸಿ. ಒಂದು ಬೈಟ್ ಬೇರೆ ಬಂದರೂ ಆ ಬಿಲ್ಡ್ ಹೊರಗೆ ಹೋಗಬಾರದು.