ವಾಚಿನ ಜೊತೆ ಅದರ ಕಾಗದಗಳನ್ನೂ ಪರಿಶೀಲಿಸಿ ಕೊಳ್ಳುವ ಬಗೆ

ತುಮಕೂರಿನಲ್ಲಿ 1978ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಕಾರ್ಖಾನೆಯಿಂದಾಗಿ ಈ ಊರಿನ ಬಹಳಷ್ಟು ಮನೆಗಳಿಗೆ ವಾಚಿನ ಒಡನಾಟ ಹಳೆಯದು. ಬೀರುವಿನಲ್ಲಿ ವಾಚು ಉಳಿದಿರುತ್ತದೆ, ಗ್ಯಾರಂಟಿ ಚೀಟಿ ಮಾತ್ರ ಎಂದೋ ಕಳೆದುಹೋಗಿರುತ್ತದೆ. ಎಚ್‌ಎಂಟಿಯಲ್ಲಿ ಇದರಿಂದ ಆಗುವ ನಷ್ಟ ಚಿಕ್ಕದು. ಲಕ್ಷಗಟ್ಟಲೆ ಬೆಲೆಯ ರೋಲೆಕ್ಸ್, ಒಮೆಗಾ ಅಥವಾ ಪಾಟೆಕ್ ಫಿಲಿಪ್‌ನಂಥ ಸ್ವಿಸ್ ವಾಚನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟವರು ಮಾತ್ರ, ವಾಚಿಗಿಂತ ಮೊದಲು ಅದರ ಗ್ಯಾರಂಟಿ ಕಾರ್ಡು, ಬಿಲ್ಲುಗಳಂಥ ಕಾಗದಗಳನ್ನು ಕೇಳಿ ನೋಡಬೇಕು.

ಕಾಗದವಿದೆ ಎಂದಷ್ಟಕ್ಕೇ ಸಮಾಧಾನಪಡಬಾರದು. ನಕಲಿ ಕಾರ್ಡುಗಳೂ ಮಾರಾಟವಾಗುತ್ತವೆ, ಬೇರೊಂದು ವಾಚಿನ ಅಸಲಿ ಕಾರ್ಡನ್ನು ಜೋಡಿಸಿ ಕೊಡುವವರೂ ಇದ್ದಾರೆ. ಆದ್ದರಿಂದ ಕಾರ್ಡಿನಲ್ಲಿರುವ ಸೀರಿಯಲ್ ನಂಬರನ್ನು ವಾಚಿನ ಮೇಲಿನ ನಂಬರಿನೊಂದಿಗೆ ಒಂದೊಂದು ಅಂಕಿಯನ್ನೂ ಬಿಡದೆ ಹೋಲಿಸಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಆ ನಂಬರು ಆರು ಗಂಟೆಯ ಕಡೆ, ಚೈನು ಕೂಡುವ ಎರಡು ಕಿವಿಗಳ ನಡುವೆ ಕೆತ್ತಿರುತ್ತದೆ. ಚೈನು ಬಿಚ್ಚದೆ ಅದು ಕಾಣುವುದಿಲ್ಲ. ಚೈನು ಬಿಚ್ಚಿಸಲು ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ. ಈಚಿನ ಮಾದರಿಗಳಲ್ಲಿ ಗಾಜಿನ ಒಳಗಿನ ಉಂಗುರದ ಮೇಲೆಯೇ ನಂಬರು ಇರುವುದರಿಂದ ಭೂತಗನ್ನಡಿ ಹಿಡಿದು ಓದಿಕೊಳ್ಳಬಹುದು. ತಾರೀಖುಗಳೂ ತಾಳೆಯಾಗಬೇಕು: ರೋಲೆಕ್ಸ್ 5 ವರ್ಷದ ಗ್ಯಾರಂಟಿ ಕೊಡಲು ಆರಂಭಿಸಿದ್ದು 2015ರಲ್ಲಿ, ಅದಕ್ಕಿಂತ ಹಿಂದೆ ಮಾರಾಟವಾಯಿತೆನ್ನುವ ವಾಚಿನ ಕಾರ್ಡಿನಲ್ಲಿ 5 ವರ್ಷವೆಂದು ನಮೂದಾಗಿದ್ದರೆ ಅಲ್ಲಿಯೇ ನಿಲ್ಲಿ.

ಕಾರ್ಡಿನಷ್ಟೇ ಬೆಲೆಯುಳ್ಳದ್ದು ಸರ್ವಿಸ್ ಬಿಲ್ಲು. ಯಾವ ವರ್ಷ ಯಾವ ಭಾಗ ಬದಲಾಯಿತು, ಡಯಲ್ ಅಸಲಿಯೋ ಆಮೇಲೆ ಹಾಕಿದ್ದೋ ಎಂಬುದು ಅದರಿಂದಲೇ ತಿಳಿಯುತ್ತದೆ. ಆದ್ದರಿಂದ ನೀವು ಸರ್ವಿಸ್ ಮಾಡಿಸುವಾಗ ಬದಲಾಯಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸುವಂತೆ ಮೊದಲೇ ಕೇಳಿಕೊಂಡು ಬಿಲ್ಲಿನೊಂದಿಗೇ ಇಡಿ.

ಕಳೆದುಹೋದ ಗ್ಯಾರಂಟಿ ಕಾರ್ಡಿಗೆ ರೋಲೆಕ್ಸ್ ಬದಲಿ ಕಾರ್ಡು ಕೊಡುವುದಿಲ್ಲ. ಆದರೆ ಪಾಟೆಕ್ ಫಿಲಿಪ್ ಹಳೆಯ ವಾಚುಗಳಿಗೆ ತನ್ನ ದಾಖಲೆ ಪುಸ್ತಕಗಳನ್ನು ನೋಡಿ, ತಯಾರಾದ ಮತ್ತು ಮಾರಾಟವಾದ ಕಾಲವನ್ನು ತಿಳಿಸುವ ಪತ್ರವನ್ನು ಶುಲ್ಕ ಪಡೆದು ಕೊಡುತ್ತದೆ. ಅದು ಮೊದಲಿನ ಕಾರ್ಡಿಗೆ ಸಮವಲ್ಲದಿದ್ದರೂ, ಕಾಗದವೇ ಇಲ್ಲದ ವಾಚಿಗೆ ಅಷ್ಟಾದರೂ ಆಧಾರವಾಗುತ್ತದೆ.

ಅಂಗಡಿಯ ಬಿಲ್ಲು ಶಾಖದಿಂದ ಅಚ್ಚಾಗುವ ನುಣುಪು ಕಾಗದದಲ್ಲಿದ್ದರೆ ಕೆಲವೇ ವರ್ಷಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ. ಮೂಲ ಕಾಗದಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಗೆದ್ದಲು ಮತ್ತು ತೇವ ತಟ್ಟದ ಕಬ್ಬಿಣದ ಬೀರುವಿನಲ್ಲಿ ಕವರಿನೊಳಗೆ ಇಡಿ. ಸೀರಿಯಲ್ ನಂಬರು ಕಾಣುವ ಕಾರ್ಡಿನ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ, ಏಕೆಂದರೆ ನಕಲಿ ಕಾರ್ಡು ಮಾಡುವವರಿಗೆ ಬೇಕಾದದ್ದು ಅಂಥ ಅಸಲಿ ನಂಬರೇ.