ಎಫ್‌ಸಿ ಮುಗಿಯಲು 45 ದಿನ ಇರುವಾಗಲೇ ನಾನು ಗಾಡಿ ಬಿಚ್ಚಿಸುತ್ತೇನೆ

ನನ್ನ ಹತ್ತಿರ ಮೂರು ಲಾರಿಗಳಿವೆ. ಅದರಲ್ಲಿ ಹಳೆಯದಕ್ಕೆ 8 ವರ್ಷ ದಾಟಿದೆ. ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಗಾಡಿ ರಸ್ತೆಗೆ ಯೋಗ್ಯವಾಗಿದೆ ಅಂತ ತಪಾಸಣೆ ಮಾಡಿ ಕೊಡುವ ಪತ್ರ. ಅಲ್ಲಿಯ ತನಕ ಎರಡು ವರ್ಷಕ್ಕೊಮ್ಮೆ ಇದ್ದ ಎಫ್‌ಸಿ, 8 ವರ್ಷ ಆದಮೇಲೆ ಪ್ರತಿ ವರ್ಷ ಮಾಡಿಸಬೇಕು. ಎಫ್‌ಸಿ ಇಲ್ಲದ ಗಾಡಿಯ ನೋಂದಣಿಗೇ ಬೆಲೆಯಿಲ್ಲ ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಹಾಗಾಗಿ ತಾರೀಕು ತಪ್ಪುವ ಮಾತೇ ಇಲ್ಲ.

ಮೊದಲೆಲ್ಲ ನಾನೂ ಕೊನೆಯ ವಾರದಲ್ಲೇ ಓಡಾಡುತ್ತಿದ್ದೆ. ಪೇಂಟ್ ಹೊಡೆಸು, ರಿಫ್ಲೆಕ್ಟರ್ ಅಂಟಿಸು, ಬಲ್ಬ್ ಹಾಕಿಸು, ತಗೊಂಡು ಹೋಗು. ಒಂದು ಸಲ ಗಾಡಿ ಫೇಲ್ ಆಯಿತು. ಅದಾದಮೇಲೆ ನನ್ನ ರೀತಿ ಬದಲಾಯಿತು.

ಹೊರಗೆ ಎಲ್ಲ ಸರಿಯಿತ್ತು. ಹಿಂದೆ ಕೆಂಪು, ಮುಂದೆ ಬಿಳಿ, ಪಕ್ಕಕ್ಕೆ ಹಳದಿ ಟೇಪ್, ಎಲ್ಲವೂ ಹೊಸದು. ಆದರೆ ಬ್ರೇಕ್ ಟೆಸ್ಟಿನ ರೋಲರ್ ಮೇಲೆ ಮುಂದಿನ ಚಕ್ರ ನಿಲ್ಲಿಸಿದಾಗ ಎಡಕ್ಕೂ ಬಲಕ್ಕೂ ಬ್ರೇಕಿನ ಹಿಡಿತದಲ್ಲಿ ತುಂಬಾ ವ್ಯತ್ಯಾಸ ಬಂತು. ವಾಪಸ್ ಗ್ಯಾರೇಜಿಗೆ ತಂದು ಎಡಗಡೆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿದೆವು. ಬ್ರೇಕ್ ಹಿಡಿದಾಗ ಡ್ರಮ್ಮಿಗೆ ಒತ್ತುವ ಲೈನರ್ ಪಟ್ಟಿ ಕಪ್ಪಗೆ ಹೊಳೆಯುತ್ತಿತ್ತು. ಮೆಕ್ಯಾನಿಕ್ ಬೆರಳಿಂದ ಒರೆಸಿ ತೋರಿಸಿದರು, ಬೆರಳೆಲ್ಲ ಗ್ರೀಸ್. ಚಕ್ರದ ನಡುವಿನ ಹಬ್‌ನ ಸೀಲ್ ಹೋಗಿ, ಗ್ರೀಸ್ ಸೋರಿ ಲೈನರ್ ಕುಡಿದುಬಿಟ್ಟಿತ್ತು. ಒಮ್ಮೆ ಹಾಗಾದ ಲೈನರನ್ನು ತೊಳೆದು ಹಾಕುವಂತಿಲ್ಲ. ಸೀಲ್ ಬದಲಾಯಿಸಿ, ಎರಡೂ ಕಡೆ ಹೊಸ ಲೈನರ್ ಹಾಕಿಸಿದೆ. ಒಂದೇ ಕಡೆ ಹಾಕಿದರೆ ಮತ್ತೆ ಹಿಡಿತ ಸಮ ಬರುವುದಿಲ್ಲ.

ನನಗೆ ಚುಚ್ಚಿದ್ದು ಬೇರೆ ವಿಷಯ. ಎರಡು ವಾರದ ಹಿಂದೆಯೇ ಡ್ರೈವರ್ ಹೇಳಿದ್ದ: "ಅಣ್ಣಾ, ಬ್ರೇಕ್ ಹಿಡಿದ್ರೆ ಗಾಡಿ ಬಲಕ್ಕೆ ಎಳೀತಿದೆ." ಲೋಡಿನ ಅವಸರದಲ್ಲಿ "ಆಮೇಲೆ ನೋಡೋಣ" ಅಂದಿದ್ದೆ. ಆ ಎರಡು ವಾರ ಅವನು ಅದೇ ಗಾಡಿಯಲ್ಲಿ ಘಾಟಿ ಇಳಿದಿದ್ದಾನೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಈಗ ಪ್ರತಿ ಗಾಡಿಯಲ್ಲೂ ಒಂದು ನೋಟ್‌ಬುಕ್ ಇದೆ. ಡ್ರೈವರ್‌ಗೆ ಏನೇ ಅನಿಸಿದರೂ ಬರೆಯಬೇಕು: ಸ್ಟೇರಿಂಗ್ ಸಡಿಲ, ಗಾಳಿ ಸೋರುವ ಸದ್ದು, ಸ್ಪ್ರಿಂಗ್ ಪಟ್ಟಿ ಬಿರುಕು. ಬರೆಯಲು ಆಗದಿದ್ದರೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಸಾಕು, ನಾನೇ ಬರೆದುಕೊಳ್ಳುತ್ತೇನೆ. 45 ದಿನ ಮೊದಲು ಆ ಪುಸ್ತಕ ಹಿಡಿದು ಗ್ಯಾರೇಜಿಗೆ ಹೋಗುತ್ತೇನೆ. ನಾಲ್ಕೂ ಕಡೆ ಡ್ರಮ್ ಬಿಚ್ಚಿಸುತ್ತೇನೆ. ಮುಂದಿನ ಆಕ್ಸಲ್ ಜಾಕ್ ಮೇಲೆ ಎತ್ತಿ, ಟೈರ್ ಕೆಳಗೆ ಹಾರೆ ಕೊಟ್ಟು ಎತ್ತಿದರೆ ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ ಸವೆದಿದೆಯೋ ಇಲ್ಲವೋ ಕೈಗೇ ಗೊತ್ತಾಗುತ್ತದೆ. ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬಿಸಿ ಎಂಜಿನ್ ನಿಲ್ಲಿಸಿ, ಗೇಜಿನ ಮುಳ್ಳು ಇಳಿಯುತ್ತಾ ಅಂತ ಸುಮ್ನೆ ಕೂತು ನೋಡುತ್ತೇವೆ. ಎಂಜಿನ್ ಸದ್ದಿಲ್ಲದಾಗ ಸಣ್ಣ ಸೋರಿಕೆಯೂ ಕಿವಿಗೆ ಬೀಳುತ್ತದೆ. ಟೈರ್ ಗೆರೆಯ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅಂತ ನಿಯಮ. ನಾನು ಅಲ್ಲಿಯ ತನಕ ಕಾಯುವುದಿಲ್ಲ, ಮಳೆಗಾಲದಲ್ಲಂತೂ ಕಾಯಲೇಬಾರದು.

ಇಷ್ಟು ಮೊದಲೇ ಯಾಕೆ ಅಂದರೆ, ಸಾಮಾನು ಸಿಗಲು ದಿನ ಹಿಡಿಯುತ್ತದೆ. ಕೊನೆಯ ವಾರದಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳಬೇಕಾಗುತ್ತದೆ, ಅಲ್ವಾ?

ಕಾಗದದ ಕೆಲಸ ಅಷ್ಟು ಕಷ್ಟವಿಲ್ಲ. ಇನ್ಶೂರೆನ್ಸ್, ಟ್ಯಾಕ್ಸ್, ಹೊಗೆ ತಪಾಸಣೆ, ಪರ್ಮಿಟ್, ಇವುಗಳ ಕೊನೆಯ ತಾರೀಕನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಚಾಸಿ ನಂಬರ್ ಮಾತ್ರ ಮೊದಲೇ ಉಜ್ಜಿ ನೋಡಿ. ಕೆಸರು, ಪೇಂಟ್ ಮೆತ್ತಿ ಓದಲು ಬರದಿದ್ದರೆ ಅಲ್ಲೇ ತಡ. ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಕೆಲಸ ಮಾಡುತ್ತಿದೆಯಾ ಅಂತಲೂ ಓಡಿಸಿ ನೋಡಿ.

ಹೋದ ವರ್ಷ ಹಳೆ ಗಾಡಿ ಒಂದೇ ಸಲಕ್ಕೆ ಪಾಸ್ ಆಯಿತು. ಡ್ರೈವರ್ ಆವತ್ತು ಸಂಜೆಯೇ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಬರೆದಿದ್ದ: "ಎಡಗಡೆ ಕನ್ನಡಿ ಅಲ್ಲಾಡುತ್ತಿದೆ." ಮಾರನೇ ದಿನ ಲೋಡಿಗೆ ಹೋಗುವ ಮೊದಲು ಅದನ್ನು ಬಿಗಿ ಮಾಡಿಸಿದೆ.